ಅಗ್ನಿಶಿಖೆ ಮತ್ತು ಬೆಕ್ಕು: ಒಂದೇ ಮನೆಯಲ್ಲಿ ಬೇಡ

ಪ್ರಶ್ನೆ: ಕಾಡಂಚಿನಲ್ಲಿ ಸಿಕ್ಕಿದ ಅಗ್ನಿಶಿಖೆ ಗಡ್ಡೆಯನ್ನು ಕುಂಡದಲ್ಲಿ ನೆಟ್ಟಿದ್ದೇವೆ. ಚೆನ್ನಾಗಿ ಹೂ ಬಿಟ್ಟಿದೆ. ಮನೆಯಲ್ಲಿ ಬೆಕ್ಕಿದೆ. ತೊಂದರೆ ಇಲ್ಲ ಅಲ್ವಾ? ಇದು ಔಷಧಿ ಗಿಡ ಅಂತ ಕೇಳಿದ್ದೇವೆ.

ತೊಂದರೆ ಇದೆ. ಗಿಡವನ್ನು ಇವತ್ತೇ ಬೆಕ್ಕಿಲ್ಲದ ಕಡೆ ಸಾಗಿಸಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅದೂ 'ಔಷಧಿ ಗಿಡ' ಎಂಬ ಸಮಾಧಾನದ ಜೊತೆಗೆ. ಹೌದು, ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಈ ಗಿಡದಲ್ಲಿದೆ. ಆದರೆ ಆ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂನಷ್ಟು. ಅದನ್ನೂ ದೊಡ್ಡ ಮನುಷ್ಯರಿಗೆ ಲೆಕ್ಕ ಹಾಕಿಯೇ ಕೊಡುತ್ತಾರೆ. ನಾಲ್ಕು ಕಿಲೋ ತೂಗುವ ಬೆಕ್ಕು ಗಡ್ಡೆ ಕಚ್ಚಿದರೆ ಲೆಕ್ಕ ಇಡುವವರು ಯಾರು?

ಈ ಕಾಲ್ಚಿಸಿನ್ನೇ ವಿಷ. ಅದು ಗಿಡದ ಎಲ್ಲ ಭಾಗದಲ್ಲೂ ಇದೆ, ಗಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಬೆಕ್ಕನ್ನು ಸೆಳೆಯುವುದು ಮಾತ್ರ ಎಲೆ. ಅದರ ತುದಿ ಸಪೂರವಾಗಿ ಸುರುಳಿ ಸುತ್ತಿಕೊಂಡು ಗಾಳಿಗೆ ಅಲ್ಲಾಡುತ್ತಿರುತ್ತದೆ. ಬೆಕ್ಕು ಮೊದಲು ಪಂಜದಿಂದ ತಟ್ಟುತ್ತದೆ, ಆಮೇಲೆ ಕಚ್ಚುತ್ತದೆ.

ಕಾಲ್ಚಿಸಿನ್ ಜೀವಕೋಶ ಎರಡಾಗುವುದನ್ನೇ ತಡೆಯುತ್ತದೆ. ಹಾಗಾಗಿ ಸದಾ ಹೊಸ ಕೋಶ ಹುಟ್ಟುವ ಕರುಳಿಗೆ ಮೊದಲ ಪೆಟ್ಟು, ಮೂಳೆಯೊಳಗಿನ ಮಜ್ಜೆಗೆ ನಂತರದ್ದು. ತಿಂದ ಮೇಲೆ ಕೆಲವು ಗಂಟೆ ಬೆಕ್ಕು ಆರಾಮಾಗಿಯೇ ಕಾಣಬಹುದು. ಆಮೇಲೆ ಜೊಲ್ಲು, ವಾಂತಿ, ಭೇದಿ, ಒಮ್ಮೊಮ್ಮೆ ರಕ್ತ. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಕೆಲವು ದಿನ ಕಳೆದು ಬಿಳಿ ರಕ್ತಕಣಗಳು ಕುಸಿಯಬಹುದು, ಮೂತ್ರಪಿಂಡ ಕೈಕೊಡಬಹುದು. 'ಒಂದು ಸಲ ವಾಂತಿ ಮಾಡಿ ಸುಮ್ನೆ ಮಲಗಿದೆ, ನಾಳೆ ನೋಡೋಣ' ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಇದಕ್ಕೆ ಕೈಗೆ ಸಿಗುವ ಮದ್ದಿಲ್ಲ. ಬೇಗ ಬಂದರೆ ನಾವು ಪಶುವೈದ್ಯರು ಔಷಧಿಯ ಇದ್ದಿಲಿನ ಪುಡಿ (ಆಕ್ಟಿವೇಟೆಡ್ ಚಾರ್ಕೋಲ್) ಕೊಟ್ಟು ವಿಷ ರಕ್ತ ಸೇರುವುದನ್ನು ತಗ್ಗಿಸಲು ನೋಡಬಹುದು, ಡ್ರಿಪ್ ಹಾಕಬಹುದು, ಕಾಯಬಹುದು. ಅಷ್ಟೇ.

ಆದ್ದರಿಂದ ಎಲೆಯಲ್ಲಿ ಹಲ್ಲಿನ ಗುರುತು ಕಂಡರೂ ಸಾಕು, ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿ ಹೊರಡಿ. ಗಿಡದ ಒಂದು ತುಂಡು ಜೊತೆಗಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಬೆಕ್ಕಿನ ಜೀವ ತೆಗೆಯಬಹುದು. ಇದನ್ನು ಹೇಳಿಕೊಡುವ 'ಮನೆಮದ್ದು' ಪಂಡಿತರು ಸತ್ತ ಬೆಕ್ಕಿನ ಹೊಣೆ ಹೊರುವುದಿಲ್ಲ.

ಪ್ರಶ್ನೆ: ಹಾಲು ಕುಡಿಸಿದರೆ ವಿಷ ಇಳಿಯುತ್ತದೆಯೇ?

ಇಲ್ಲ.

ಪ್ರಶ್ನೆ: ಯಾವ ಗಿಡ ವಿಷ ಅಂತ ಬೆಕ್ಕಿಗೇ ಗೊತ್ತಾಗುತ್ತದಂತೆ?

ಗೊತ್ತಾಗುವುದಿದ್ದರೆ ನನ್ನ ಹತ್ತಿರ ಇಷ್ಟು ಬೆಕ್ಕುಗಳು ಬರುತ್ತಿರಲಿಲ್ಲ.

ಪ್ರಶ್ನೆ: ಹೂಗುಚ್ಛದಲ್ಲಿ ಬರುವ ಲಿಲಿ ಇದಕ್ಕಿಂತ ವಾಸಿಯೇ?

ಅಲ್ಲ. ಅದರ ವಿಷ ಬೇರೆ, ಹೊಡೆತ ನೇರವಾಗಿ ಮೂತ್ರಪಿಂಡಕ್ಕೆ. ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಅಪಾಯ.

ಪ್ರಶ್ನೆ: ಕುಂಡವನ್ನು ಕಪಾಟಿನ ಮೇಲಿಟ್ಟರೆ ಸಾಲದೇ?

ನಿಮ್ಮ ಬೆಕ್ಕು ಅಲ್ಲಿಗೂ ಹತ್ತುತ್ತದೆ.