ಅರ್ಧ ಅಂದರೆ ಯಾವುದರ ಅರ್ಧ?

ಆಸ್ಟ್ರೇಲಿಯಾದಲ್ಲಿ ಚೈಲ್ಡ್ ಕೇರ್ ಸಬ್ಸಿಡಿ (ಡೇ ಕೇರ್ ಫೀಸ್‌ಗೆ ಸರ್ಕಾರ ಕೊಡುವ ನೆರವು) ಮಗುವಿನ ತಾಯಿಯ ಹೆಸರಲ್ಲಿದೆ, ಬೇರೆಯಾದ ಮೇಲೂ ಅರ್ಧ ಫೀಸ್ ನೀವು ಕೊಡಬೇಕಾ ಅಂತ ಕೇಳಿದ್ದೀರಿ. ಮೊದಲು ಯಾವುದರ ಅರ್ಧ ಅಂತ ನೋಡಿ. ಸಬ್ಸಿಡಿ ನೇರವಾಗಿ ಡೇ ಕೇರ್ ಸೆಂಟರ್‌ಗೇ ಹೋಗುತ್ತದೆ. ದಿನಕ್ಕೆ 140 ಡಾಲರ್ ಫೀಸ್, 90 ಸಬ್ಸಿಡಿ ಅಂದುಕೊಳ್ಳಿ. ಉಳಿಯುವುದು 50. ನಿಮ್ಮ ಪಾಲು 25, 70 ಅಲ್ಲ! ಸುಮ್ನೆ ಜಗಳ ಬೇಡ, ಸೆಂಟರ್‌ನ ಫೀಸ್ ಸ್ಟೇಟ್‌ಮೆಂಟ್ ತೋರಿಸಿ ಅಂತ ಕೇಳಿ.

ಇನ್ನೂ ಒಳ್ಳೆಯ ದಾರಿ ಇದೆ. ಮಗು ಕನಿಷ್ಠ 14% ಸಮಯ ನಿಮ್ಮ ಹತ್ತಿರ ಇರುತ್ತದೆ ಅಲ್ವಾ? ಹಾಗಿದ್ದರೆ ನಿಮ್ಮ ದಿನಗಳಿಗೆ ಸೆಂಟರ್‌ನಲ್ಲಿ ನಿಮ್ಮ ಹೆಸರಲ್ಲೇ ಬೇರೆ ಎನ್‌ರೋಲ್‌ಮೆಂಟ್ ಮಾಡಿಸಿ, ಸಬ್ಸಿಡಿಗೆ ಸೆಂಟರ್‌ಲಿಂಕ್‌ಗೆ (ಇಂಥ ಸರ್ಕಾರಿ ನೆರವು ನೋಡಿಕೊಳ್ಳುವ ಕಚೇರಿ) ಅರ್ಜಿ ಹಾಕಿ. ಆಗ ನಿಮ್ಮ ದಿನಗಳ ಸಬ್ಸಿಡಿಯನ್ನು ನಿಮ್ಮ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ಹೊಸ ಸಂಗಾತಿ ಇದ್ದರೆ ಅವರ ಆದಾಯವೂ ಸೇರುತ್ತದೆ, ಮರೆಯಬೇಡಿ.