ಓದುಗರ ಪ್ರಶ್ನೆ: ಖಡ್ಗ ಹಿಡಿದ ದಿನವೂ ರಾಜ್ಯವಾಳಿದ ವರ್ಷಗಳೂ

ಚರಿತ್ರೆಯಲ್ಲಿ ಮರೆಯಾದ ಮಹಿಳೆಯರ ಕುರಿತು ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯಲ್ಲಿ ಪ್ರತಿ ವರ್ಷವೂ ಒಬ್ಬಳಾದರೂ ಹುಡುಗಿ ರಟ್ಟಿನ ಖಡ್ಗ ಹಿಡಿದು ರಾಣಿ ಅಬ್ಬಕ್ಕನಾಗಿ ವೇದಿಕೆಗೆ ಬರುತ್ತಾಳೆ. ಈ ಸಲ ಐದನೆಯ ತರಗತಿಯ ಮಗುವೊಂದು, ‘ಯುದ್ಧ ಇಲ್ಲದಾಗ ಅಬ್ಬಕ್ಕ ಏನು ಮಾಡುತ್ತಿದ್ದರು, ಟೀಚರ್?’ ಎಂದು ಕೇಳಿತು. ಏನು ಹೇಳಬಹುದು? ಅಬ್ಬಕ್ಕ ಒಬ್ಬರೇ, ಹಲವರೇ?
– ಕನ್ನಡ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಆ ಮಗುವಿನ ಪ್ರಶ್ನೆಗೆ ಕಣ್ಣಾರೆ ಕಂಡವರೊಬ್ಬರ ಬರಹದಲ್ಲಿಯೇ ಉತ್ತರವಿದೆ. ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ತುರ್ಕಿ, ಪರ್ಷಿಯಾಗಳನ್ನು ಸುತ್ತಿ, ಗೋವೆಯಿಂದ ಇಕ್ಕೇರಿಗೆ ಬಂದು, ಅಲ್ಲಿಂದ ಘಟ್ಟವಿಳಿದು 1623ರ ಕೊನೆಯಲ್ಲಿ ಮಂಗಳೂರಿಗೆ ತಲುಪಿದನು. ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಅವನು ಮಣೇಲ್ ಎಂಬಲ್ಲಿಗೆ ಹೋದಾಗ ರಾಣಿ ಮನೆಯಲ್ಲಿರಲಿಲ್ಲ. ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ಹೋಗಿದ್ದಳು. ದಾರಿಯಲ್ಲಿಯೇ ಭೇಟಿಯಾಯಿತು. ಸುಮಾರು ನಲವತ್ತರ ಪ್ರಾಯದ, ಕಪ್ಪು ಮೈಬಣ್ಣದ, ತುಂಬಿದ ಮೈಕಟ್ಟಿನ ಹೆಂಗಸು, ಸೊಂಟಕ್ಕೆ ಬಿಳಿಯ ಹತ್ತಿಬಟ್ಟೆ ಸುತ್ತಿಕೊಂಡು, ಬರಿಗಾಲಿನಲ್ಲಿ, ಪರಿಚಾರಕನೊಬ್ಬ ಹಿಡಿದ ಓಲೆಕೊಡೆಯ ನೆರಳಿನಲ್ಲಿ, ಹಲವು ಮಂದಿ ಸೈನಿಕರೊಡನೆ ನಡೆದುಕೊಂಡೇ ಬರುತ್ತಿದ್ದಳು. ನೋಡುವುದಕ್ಕೆ ಅಡುಗೆಮನೆಯ ಆಳಿನಂತಿದ್ದ ಈಕೆಯೇ ಯೂರೋಪಿನಲ್ಲಿ ಅಷ್ಟು ದೊಡ್ಡವನೆನಿಸಿದ ಸ್ಪೇನ್ ರಾಜನ ಸೈನ್ಯಗಳನ್ನು ಸೋಲಿಸಿದವಳೇ ಎಂದು ಅವನು ಬೆರಗಾಗುತ್ತಾನೆ. ಆಗ ಪೋರ್ಚುಗಲ್ ದೇಶವೂ ಸ್ಪೇನಿನ ದೊರೆಯ ಅಧೀನದಲ್ಲಿದ್ದುದರಿಂದ ಅವನು ಹಾಗೆ ಬರೆದನು. ಆದರೆ ಆಕೆ ಮಾತನಾಡತೊಡಗಿದಾಗ ಅವನ ಅಭಿಪ್ರಾಯ ಬದಲಾಯಿತು. ದನಿ ಇಂಪಾಗಿತ್ತು, ಮಾತಿನಲ್ಲಿ ವಿವೇಕವಿತ್ತು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅಷ್ಟೊಂದು ದೊಡ್ಡ ದೇಶಗಳನ್ನು ನೋಡಿದವನು ತನ್ನ ಈ ಕಾಡುಗಳಿಗೆ ಏಕೆ ಬಂದೆಯೆಂದು ರಾಣಿ ಅವನನ್ನು ವಿಚಾರಿಸಿದಳು.

ಹೀಗಾಗಿ, ಯುದ್ಧವಿಲ್ಲದಾಗ ಅಬ್ಬಕ್ಕ ಕಾಲುವೆ ತೋಡಿಸುತ್ತಿದ್ದರು ಎಂದು ಆ ಮಗುವಿಗೆ ಧೈರ್ಯವಾಗಿ ಹೇಳಬಹುದು. ತೋಡಿನ ನೀರನ್ನು ಕಟ್ಟ ಕಟ್ಟಿ ತಿರುಗಿಸಿ ತೋಟ ಗದ್ದೆಗಳಿಗೆ ಉಣಿಸುವುದನ್ನು ದಿನವೂ ಕಾಣುವ ನಮ್ಮ ಊರಿನ ಮಕ್ಕಳಿಗೆ ಆ ರಾಣಿ ಅರ್ಥವಾಗುವಷ್ಟು ಚೆನ್ನಾಗಿ ರಟ್ಟಿನ ಖಡ್ಗದ ರಾಣಿ ಅರ್ಥವಾಗಲಾರಳು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಎರಡನೆಯ ಪ್ರಶ್ನೆ. 16ನೇ ಶತಮಾನದ ನಡುಭಾಗದಿಂದಲೇ ಪೋರ್ಚುಗೀಸರು ಉಳ್ಳಾಲದ ಮೇಲೆ ಮತ್ತೆ ಮತ್ತೆ ದಾಳಿ ಮಾಡಿದ್ದರು. ಆ ಕಾಲದಲ್ಲಿ ಆಳುತ್ತಿದ್ದವಳೇ 1623ರಲ್ಲಿ ನಲವತ್ತು ವರ್ಷದವಳಾಗಿರುವುದು ಸಾಧ್ಯವಿಲ್ಲ. ಉಳ್ಳಾಲವನ್ನು ಆಳುತ್ತಿದ್ದ ಚೌಟ ವಂಶದಲ್ಲಿ ಒಂದಕ್ಕಿಂತ ಹೆಚ್ಚು ಮಂದಿ ಅಬ್ಬಕ್ಕಂದಿರು ಆಳಿದ್ದರೆಂದು ತಿಳಿಯುವುದೇ ಸರಿ. ಇದರಿಂದ ಅಬ್ಬಕ್ಕನ ಹಿರಿಮೆ ಕುಂದುವುದಿಲ್ಲ. ಒಬ್ಬ ವೀರಳಿದ್ದಳು ಎನ್ನುವುದಕ್ಕಿಂತ, ತಲೆಮಾರುಗಳವರೆಗೆ ಆಳ್ವಿಕೆಯನ್ನೂ ಹೋರಾಟವನ್ನೂ ಹೆಂಗಸರು ಕೈಯಿಂದ ಕೈಗೆ ದಾಟಿಸಿದರು ಎನ್ನುವುದು ದೊಡ್ಡ ಮಾತಲ್ಲವೇ? ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಹಕ್ಕು ಹೆಣ್ಣಿನ ಬಳಿಯಲ್ಲಿ ಇಳಿದು ಬರುತ್ತಿದ್ದುದು ಇದಕ್ಕೆ ಆಧಾರವಾಯಿತು. ಅಷ್ಟರಿಂದಲೇ ಎಲ್ಲ ಮನೆಗಳಲ್ಲಿಯೂ ಹೆಂಗಸರ ಮಾತು ನಡೆಯುತ್ತಿತ್ತೆಂದು ಭಾವಿಸಬಾರದು. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿಯೇ ಇರುತ್ತಿತ್ತು. ಗಂಡನಾದ ಬಂಗರಸನು ಪೋರ್ಚುಗೀಸರ ಬೆಂಬಲ ಪಡೆದು ಎದುರು ನಿಂತಾಗ, ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ನೆರವು ಪಡೆದು ಅವರನ್ನು ಹಿಮ್ಮೆಟ್ಟಿಸಿದ ಈ ರಾಣಿ, ಕಟ್ಟು ಕೊಟ್ಟ ಹಕ್ಕನ್ನು ತನ್ನ ಬುದ್ಧಿಬಲದಿಂದ ಉಳಿಸಿಕೊಂಡವಳು.

ಪ್ರಶ್ನೆ: ಬೇಕಲ ಕೋಟೆಯನ್ನು ನೋಡಲು ಬರುವವರಿಗೆ ಶಿವಪ್ಪ ನಾಯಕನ ಹೆಸರನ್ನೂ ಟಿಪ್ಪು ಸುಲ್ತಾನನ ಹೆಸರನ್ನೂ ಹೇಳುತ್ತಾರೆ. ಈ ಕೋಟೆಗೂ ಯಾವಳಾದರೂ ರಾಣಿಗೂ ಸಂಬಂಧ ಉಂಟೇ?
– ಓದುಗರು, ಉದುಮ

ಉತ್ತರ: ಉಂಟು. 17ನೇ ಶತಮಾನದ ನಡುವೆ ಶಿವಪ್ಪ ನಾಯಕನು ಕೆಂಪು ಮುರಕಲ್ಲಿನಲ್ಲಿ ಕಟ್ಟಿಸಿದ ಈ ಕೋಟೆ 1763ರಲ್ಲಿ ಹೈದರಾಲಿಯು ರಾಜಧಾನಿ ಬಿದನೂರನ್ನು ಗೆಲ್ಲುವವರೆಗೆ ಕೆಳದಿ ಸಂಸ್ಥಾನದ ದಕ್ಷಿಣದ ಗಡಿಯನ್ನು ಕಾಯುತ್ತಿತ್ತು. ಆ ಅವಧಿಯಲ್ಲಿ ಸುಮಾರು 25 ವರ್ಷ, ಅಂದರೆ 1671ರಿಂದ 1696ರವರೆಗೆ, ಸಂಸ್ಥಾನವನ್ನು ಆಳಿದವಳು ಕೆಳದಿಯ ಚೆನ್ನಮ್ಮ.

ವರ್ತಕ ಮನೆತನದಿಂದ ಬಂದ ಈಕೆ ರಾಜಮನೆತನದವಳಲ್ಲ. ಗಂಡ ಸೋಮಶೇಖರ ನಾಯಕನು ಬುದ್ಧಿ ಕೆಟ್ಟು, ಕೊನೆಗೆ ಕೊಲೆಯಾದಾಗ, ಮಕ್ಕಳಿಲ್ಲದ ವಿಧವೆಯ ಎದುರಿಗೆ ಆಸ್ಥಾನದ ಒಳಜಗಳವೂ ಬಿಜಾಪುರದ ಸೈನ್ಯವೂ ಒಟ್ಟಿಗೇ ನಿಂತಿದ್ದವು. ಅವಳು ಬಿದನೂರನ್ನು ಬಿಟ್ಟು ಭುವನಗಿರಿ ದುರ್ಗವನ್ನು ಸೇರಿ, ತನಗೆ ನಿಷ್ಠರಾದವರನ್ನು ಕೂಡಿಸಿಕೊಂಡು ರಾಜಧಾನಿಯನ್ನು ಮರಳಿ ಪಡೆದಳು. 1689ರಲ್ಲಿ ಸಂಭಾಜಿಯ ವಧೆಯ ಬಳಿಕ ವೇಷ ಮರೆಸಿಕೊಂಡು ಜಿಂಜಿಯತ್ತ ಹೊರಟ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವನ್ನಿತ್ತು, ಅದಕ್ಕಾಗಿ ಔರಂಗಜೇಬನು ಕಳುಹಿಸಿದ ಸೈನ್ಯವನ್ನು ಎದುರಿಸಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆದರೆ ಅದಕ್ಕೂ ಮೊದಲಿನ 18 ವರ್ಷಗಳ ಆಡಳಿತವಿಲ್ಲದೆ ಆ ಧೈರ್ಯ ಸಾಧ್ಯವಿರಲಿಲ್ಲ. ಕರಾವಳಿಯ ಅಕ್ಕಿಗಾಗಿ ಗೋವೆಯ ಪೋರ್ಚುಗೀಸರು ಈ ಸಂಸ್ಥಾನವನ್ನು ನೆಚ್ಚಿಕೊಂಡಿದ್ದರು. ಅಕ್ಕಿ ಮತ್ತು ಕಾಳುಮೆಣಸಿನ ವ್ಯಾಪಾರವೇ ಖಜಾನೆಯನ್ನು ತುಂಬಿಸುತ್ತಿತ್ತು. ಖಜಾನೆ ಬರಿದಾಗಿದ್ದ ದೊರೆ ಯಾರೇ ಆಗಲಿ, ಮೊಗಲರ ಶತ್ರುವಿಗೆ ಬಾಗಿಲು ತೆರೆಯುವ ಮೊದಲು ಹತ್ತು ಸಲ ಯೋಚಿಸಬೇಕಾಗುತ್ತಿತ್ತು.

ಇದೇ ಕೆಳದಿಯ ಕೊನೆಯ ಅರಸಿ ವೀರಮ್ಮಾಜಿಯನ್ನು ನೆನೆಯುವವರು ಇನ್ನೂ ಕಡಿಮೆ. ಬಿದನೂರು ಬಿದ್ದ ಬಳಿಕ ಅವಳನ್ನು ದತ್ತುಮಗನೊಡನೆ ಮಧುಗಿರಿಯ ಕೋಟೆಯಲ್ಲಿ ಸೆರೆಯಿಡಲಾಯಿತು.

ಪ್ರಶ್ನೆ: ಗಂಡನೋ ಮಗನೋ ಸತ್ತಾಗ ಅನಿವಾರ್ಯವಾಗಿ ಪಟ್ಟಕ್ಕೆ ಬಂದ ರಾಣಿಯರನ್ನು ಬಿಟ್ಟು, ಅಧಿಕಾರಿಗಳಾಗಿ ಕೆಲಸ ಮಾಡಿದ ಹೆಂಗಸರು ಶಾಸನಗಳಲ್ಲಿ ಸಿಗುತ್ತಾರೆಯೇ?
– ಇತಿಹಾಸ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಸಿಗುತ್ತಾರೆ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಇದೂ ಗಂಡ ಸತ್ತ ಮೇಲಿನ ಕಥೆಯೇ ಎಂದು ನೀವು ಕೇಳಬಹುದು. ಆದರೆ ನಾಳ್ಗಾವುಂಡಿಕೆ ಅರಸುತನವಲ್ಲ. ಎಪ್ಪತ್ತು ಹಳ್ಳಿಗಳ ಆಡಳಿತವನ್ನು ನೋಡಿಕೊಳ್ಳುವ ಕೆಲಸ, ಮೇಲಿನವರು ನಂಬಿ ವಹಿಸಬೇಕಾದ ಹೊಣೆ. ಒಳ್ಳೆಯ ಆಡಳಿತದ ಸಾಮರ್ಥ್ಯವುಳ್ಳವಳೆಂದೂ, ತನ್ನ ಪರಾಕ್ರಮದಿಂದ ನಾಡನ್ನು ಕಾಪಾಡಿದಳೆಂದೂ ಶಾಸನವು ಹೊಗಳುತ್ತದೆ. ಕಾಯಿಲೆ ವಾಸಿಯಾಗದೆಂದು ತಿಳಿದಾಗ ಆಕೆ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಣಿಕೆಯ ಬಸದಿಯಲ್ಲಿ, ಆಹಾರವನ್ನು ತ್ಯಜಿಸುವ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಮಗಳಿಗೆ ವಹಿಸಿದಳೆಂಬ ಸಂಗತಿಯನ್ನು ದಯವಿಟ್ಟು ನಿಮ್ಮ ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಳ್ಳಿ.

ಕಲ್ಯಾಣದ ಚಾಲುಕ್ಯರ ಅಕ್ಕಾದೇವಿಗಂತೂ ವೈಧವ್ಯದ ಹಿನ್ನೆಲೆಯ ಅಗತ್ಯವೇ ಇಲ್ಲ. ಅರಸನ ಸೋದರಿಯಾದ ಆಕೆ ಕಿಸುಕಾಡು ಎಪ್ಪತ್ತು ಮೊದಲಾದ ಪ್ರದೇಶಗಳನ್ನು ಆಳಿದಳು, 1047ರಲ್ಲಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಕಾರರು ಅವಳನ್ನು ರಣಭೈರವಿ ಎಂದು ಕರೆದಂತೆಯೇ ‘ಗುಣದ ಬೆಡಂಗಿ’, ಅಂದರೆ ಗುಣದಿಂದ ಸೊಬಗುಳ್ಳವಳು, ಎಂದೂ ಕರೆದಿದ್ದಾರೆ. ಗದಗ ಜಿಲ್ಲೆಯ ಸೂಡಿಯ ಶಾಸನದಲ್ಲಿ ಅವಳು ಆ ಪಟ್ಟಣದ ಸೆಟ್ಟಿಗಳಿಗೂ ಒಕ್ಕಲುಗಳಿಗೂ ಸಂಬಂಧಿಸಿದ ಕಟ್ಟುಪಾಡನ್ನು ಹೊಸದಾಗಿ ಊರ್ಜಿತಗೊಳಿಸಿಕೊಟ್ಟ ವಿವರವಿದೆ. ಮುತ್ತಿಗೆಗಿಂತ ಈ ಕೆಲಸವೇ ನಮಗೆ ಹೆಚ್ಚಿನದಾಗಿ ಕಾಣುತ್ತದೆ.

ಗಡಿನಾಡಿನ ಇನ್ನೊಂದು ತುದಿಯಿಂದಲೂ ಒಂದು ಹೆಸರು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ನೆರೂರು ಮತ್ತು ಕೋಚರೆಗಳ ತಾಮ್ರಪಟಗಳು ಇಮ್ಮಡಿ ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆಯವು. 642ರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದ ಬಳಿಕ ಚಾಲುಕ್ಯರಿಗೆ ಕಷ್ಟಕಾಲ ಒದಗಿತ್ತು. ಆ ಹಿನ್ನೆಲೆಯಲ್ಲಿ ಅವಳ ದಾನಪಟವು ಗಂಡನ ಆಳ್ವಿಕೆಯ ವರ್ಷವನ್ನಲ್ಲ, ಅವಳದೇ ರಾಜ್ಯದ ಐದನೆಯ ವರ್ಷವನ್ನು ಕಾಲವಾಗಿ ಹೇಳುತ್ತದೆ. ಸಂಸ್ಕೃತದ ಕವಯಿತ್ರಿ ವಿಜ್ಜಿಕೆ ಇವಳೇ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ.

ಪ್ರಶ್ನೆ: ರಾಣಿ, ಅಧಿಕಾರಿಗಳ ಮಾತಾಯಿತು. ನಮ್ಮಂಥ ಮನೆಯ ಹೆಂಗಸರಿಗೆ ಚರಿತ್ರೆಯಲ್ಲಿ ಜಾಗ ಇದೆಯೇ?
– ಗೃಹಿಣಿ, ಮುಳ್ಳೇರಿಯ

ಉತ್ತರ: ಕಲ್ಲಿನಲ್ಲಿ ಕಡಿಮೆ, ಬಾಯಲ್ಲಿ ಬಹಳ. ನೇಜಿ ನೆಡುವಾಗ ಹಾಡುತ್ತಿದ್ದ ತುಳು ಪಾಡ್ದನಗಳಲ್ಲಿ ಸಿರಿಯ ಕಥೆಯನ್ನು ನೀವು ಕೇಳಿರಬಹುದು. ಬಯಕೆಗೆಂದು ತಂದ ಸೀರೆಯನ್ನು ಗಂಡ ಕಾಂತು ಪೂಂಜನು ಮೊದಲು ಇನ್ನೊಬ್ಬಳಿಗೆ ಉಡಿಸಿ ತಂದಾಗ, ತುಂಬು ಬಸುರಿ ಸಿರಿ ಅದನ್ನು ಮುಟ್ಟಲಿಲ್ಲ. ಮುಂದೆ ತಾನೇ ಗಂಡನಿಗೆ ಬಿಡುಗಡೆ ಕೊಟ್ಟು ಹೊರನಡೆದಳು. ಇದು ದಾಖಲೆಯ ಚರಿತ್ರೆಯಲ್ಲ, ಆದರೆ ಯಾವ ಧೈರ್ಯವನ್ನು ಹೆಂಗಸರು ನೆನಪಿನಲ್ಲಿ ಉಳಿಸಿಕೊಳ್ಳಬಯಸಿದರು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ತಮ್ಮ ಜೊತೆಗಾರರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು.

ನಮ್ಮ ಕಾಲಕ್ಕೆ ಬಂದರೆ, 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ಸಾರಾ ಅಬೂಬಕ್ಕರ್ ಇದ್ದಾರೆ. ಮದುವೆ, ಸಂಸಾರ, ಮಕ್ಕಳ ಪಾಲನೆಯ ನಡುವೆ ಓದಿಕೊಂಡು, ನಡುವಯಸ್ಸಿನಲ್ಲಿ ಬರೆಯಲು ತೊಡಗಿ, ತಲಾಖಿನ ಕಟ್ಟಳೆಗೆ ಸಿಕ್ಕಿ ನಲುಗಿದ ಹೆಣ್ಣಿನ ಬಾಳನ್ನು ಚಂದ್ರಗಿರಿ ಹೊಳೆಯ ದಡದಲ್ಲಿಟ್ಟು ಕಾದಂಬರಿಯಾಗಿಸಿದರು. ವಿರೋಧ ಬಂದಾಗಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 2023ರ ಜನವರಿಯಲ್ಲಿ ತೀರಿಕೊಂಡರು.

ನಿಮ್ಮಿಂದ ಒಂದು ಕೆಲಸವನ್ನು ಕೇಳಿಕೊಳ್ಳುತ್ತೇವೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಆಧಾರ, ಪಟ್ಟೆ, ಪಾಲುಪಟ್ಟಿ, ತೀರ್ವೆ ಕಟ್ಟಿದ ರಸೀದಿಗಳಿದ್ದರೆ ತೆಗೆದು ನೋಡಿ. ಅವುಗಳಲ್ಲಿ ಹೆಂಗಸರ ಹೆಸರುಗಳು, ಹೆಬ್ಬೆಟ್ಟಿನ ಗುರುತುಗಳು ಸಿಕ್ಕಿದರೆ ಅವರು ಯಾರು, ಯಾವ ಗದ್ದೆಯನ್ನು ಎಷ್ಟು ಕಾಲ ನೋಡಿಕೊಂಡರು ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ, ದಿನಾಂಕ ಹಾಕಿ ಬರೆದಿಡಿ. ಹಾಳೆಗಳು ಪುಡಿಯಾಗುವಷ್ಟು ಹಳೆಯವಾಗಿದ್ದರೆ ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ಮೊದಲು ಫೋಟೊ ತೆಗೆದುಕೊಳ್ಳಿ.