ವೀಡಿಯೊ ಗೇಮ್ ಆಡಿ ಕಲಿತ ಡಾಕ್ಟರಾ?

ಪ್ರಶ್ನೆ: ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಿದೆ, ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಪಿತ್ತಕೋಶ ತೆಗೆಸಿ ಅಂದಿದ್ದಾರೆ. ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಸರ್ಜನ್, ತಾವು ವರ್ಚುವಲ್ ರಿಯಾಲಿಟಿಯಲ್ಲೂ (ಹೆಡ್‌ಸೆಟ್ ಹಾಕಿಕೊಂಡು, ಕಂಪ್ಯೂಟರ್ ತೋರಿಸುವ ಕೃತಕ ದೃಶ್ಯದಲ್ಲಿ) ಅಭ್ಯಾಸ ಮಾಡಿದ್ದಾಗಿ ಹೇಳಿದರು. ಅಷ್ಟೇ, "ಗೇಮ್ ಆಡಿ ಕಲಿತವರ ಕೈಗೆ ನನ್ನ ಹೊಟ್ಟೆ ಕೊಡಲ್ಲ" ಅಂತ ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ನನಗಂತೂ ಅಂಥ ಅಭ್ಯಾಸ ಮಾಡದೆ ನೇರ ಆಪರೇಷನ್‌ಗೆ ಬಂದವರ ಬಗ್ಗೆಯೇ ಭಯ ಜಾಸ್ತಿ. ಡ್ರೈವಿಂಗ್ ಸ್ಕೂಲಿನವರು ಮೊದಲ ದಿನವೇ ಮೆಜೆಸ್ಟಿಕ್‌ನಲ್ಲಿ ಕಾರು ಓಡಿಸಲು ಬಿಡುತ್ತಾರಾ ಅಂತ ಅಮ್ಮನನ್ನು ಕೇಳಿ ನೋಡಿ.

ಈ ಆಪರೇಷನ್‌ನಲ್ಲಿ ಸರ್ಜನ್ ಹೊಟ್ಟೆಯನ್ನು ನೇರವಾಗಿ ನೋಡುವುದೇ ಇಲ್ಲ. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಿ, ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಇಳಿಸಿ, ಟಿವಿ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಪರದೆಯಲ್ಲಿ ಆಳವೂ ಸರಿಯಾಗಿ ಗೊತ್ತಾಗುವುದಿಲ್ಲ. ಈ ಉಲ್ಟಾ ಲೆಕ್ಕ ಕೈಗೆ ಹತ್ತಬೇಕಾದರೆ ಮತ್ತೆ ಮತ್ತೆ ಮಾಡಲೇಬೇಕು. ಅದನ್ನು ರೋಗಿಯ ಮೇಲೆ ಯಾಕೆ ಮಾಡಬೇಕು, ಅಲ್ವಾ?

ಇದು ಸುಮ್ನೆ ಮಾತಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 16 ಟ್ರೈನಿ ಸರ್ಜನ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್‌ನಲ್ಲಿ (ಕೈ ಪಳಗಿಸುವ ಕಂಪ್ಯೂಟರ್ ಯಂತ್ರ) ಅಭ್ಯಾಸ ಕೊಟ್ಟು, ಆಮೇಲೆ ಎಲ್ಲರೂ ಪಿತ್ತಕೋಶವನ್ನು ಲಿವರಿನಿಂದ ಬಿಡಿಸುವುದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅಭ್ಯಾಸ ಮಾಡಿದವರು 29% ಬೇಗ ಮುಗಿಸಿದರು. ಮಾಡದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬಿಡಿಸಲು ಬಳಸುವ ಕರೆಂಟಿನ ಉಪಕರಣದಿಂದ ಬೇಡದ ಜಾಗ ಸುಡುವ ಸಾಧ್ಯತೆ 5 ಪಟ್ಟು ಜಾಸ್ತಿ ಇತ್ತು. ತಮಾಷೆ ಅಂದರೆ, ಆ ಹಳೇ ಯಂತ್ರದಲ್ಲಿ ಪಿತ್ತಕೋಶದ ಚಿತ್ರವೂ ಇರಲಿಲ್ಲ, ಪರದೆ ಮೇಲಿನ ಗೋಲಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಗುರುತಿನ ಜಾಗ ಸುಡಬೇಕಿತ್ತು.

ಹಾಗಂತ ಯಂತ್ರ ಎಲ್ಲವನ್ನೂ ಕಲಿಸುವುದಿಲ್ಲ. ಊದಿಕೊಂಡು ಅಕ್ಕಪಕ್ಕಕ್ಕೆ ಅಂಟಿಕೊಂಡ ಪಿತ್ತಕೋಶದಲ್ಲಿ ಯಾವ ನಾಳ ಯಾವುದು ಅಂತಲೇ ತಿಳಿಯದೆ ಹೋಗಬಹುದು. ಮುಖ್ಯ ಪಿತ್ತನಾಳವನ್ನು ತಪ್ಪಿ ಕತ್ತರಿಸಿದರೆ ದೊಡ್ಡ ತೊಂದರೆ. ಆಗ ಕೈ ನಿಲ್ಲಿಸಿ ಹಿರಿಯರನ್ನು ಕರೆಯುವ, ಬೇಕಾದರೆ ಹೊಟ್ಟೆ ತೆರೆದೇ ಮಾಡುವ ತೀರ್ಮಾನ ಅನುಭವದಿಂದಲೇ ಬರಬೇಕು.

ಆದ್ದರಿಂದ ಹೆಡ್‌ಸೆಟ್ ವಿಷಯ ಬಿಡಿ. ಆಪರೇಷನ್ ಮಾಡುವವರು ಯಾರು, ಇಂಥವು ಎಷ್ಟು ಮಾಡಿದ್ದಾರೆ, ಹಿರಿಯ ಸರ್ಜನ್ ಥಿಯೇಟರಿನಲ್ಲೇ ಇರುತ್ತಾರಾ ಅಂತ ಸಂಕೋಚವಿಲ್ಲದೆ ಕೇಳಿ. ಉತ್ತರ ಹಾರಿಕೆಯದ್ದಾದರೆ ಇನ್ನೊಬ್ಬರಿಗೆ ತೋರಿಸಿ. ಅಷ್ಟರಲ್ಲಿ ಅಮ್ಮನಿಗೆ ಹೊಟ್ಟೆನೋವಿನ ಜೊತೆ ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರ ಯಾವ ಚರ್ಚೆಯೂ ಬೇಡ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.